ಹೆಗಲಿಗೆ ಹಗುರ, ನೆಲಕ್ಕೆ ಹೊರೆಯಾಗದ ಗಣಕ

ಪರೀಕ್ಷೆಯ ಫಲಿತಾಂಶಗಳು ಬಂದು ಕಾಲೇಜುಗಳ ಬಾಗಿಲು ತೆರೆಯುವ ಹೊತ್ತಿಗೆ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಸೀಮೆಯ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮಕ್ಕಳಿಗೆ ಯಾವ ಲ್ಯಾಪ್‌ಟಾಪ್ ಕೊಡಿಸಬೇಕು? ಅಡಿಕೆಯ ಹಣವೋ, ತೆಂಗಿನ ಹಣವೋ, ಡೇರಿಯ ಬಟವಾಡೆಯೋ, ಯಾವುದೋ ಒಂದು ಗಂಟನ್ನು ಬಿಚ್ಚಿ ಕೊಳ್ಳಬೇಕಾದ ವಸ್ತು ಅದು. ಇದೇ ಪ್ರಶ್ನೆ ಇಂದು ಬೆಟ್ಟದ ಸೀಮೆಯಲ್ಲಿ ಪರಿಸರದ ಕೆಲಸ ಮಾಡುವ ಎಲ್ಲ ಬಳಗಗಳ ಮುಂದೆಯೂ ಇದೆ. ಚೀಲದಲ್ಲಿ ಹೊತ್ತು ಬಸ್ಸಿನಲ್ಲಿ ಓಡಾಡಬಲ್ಲ, ಕೈಗೆಟಕುವ ಬೆಲೆಯ ಗಣಕ ಯಾವುದು? ಪರಿಸರದ ಪತ್ರಿಕೆಗೆ ಗಣಕದ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಕಾರಣ ಎರಡಿವೆ. ನಮ್ಮ ಗುಡ್ಡಗಳ ಭವಿಷ್ಯ ನಿರ್ಧಾರವಾಗುವ ಕಾಗದಗಳು ಈಗ ಗಣಕದೊಳಗಿವೆ. ಗಣಕವಾದರೋ ಯಾವುದೋ ಗುಡ್ಡದ ಒಡಲಿನಿಂದಲೇ ಬಂದ ವಸ್ತು.

ಮೊದಲ ಕಾರಣವನ್ನು ನೋಡೋಣ. 2006ರ ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಹೊರಡಿಸಿದ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯ ಪ್ರಕಾರ, ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಾಗಿರುವ ಯೋಜನೆಗಳಲ್ಲಿ ಕರಡು ವರದಿಯನ್ನು ಜಿಲ್ಲಾಧಿಕಾರಿಗಳ ಕಚೇರಿ, ಜಿಲ್ಲಾ ಪಂಚಾಯಿತಿ, ಸ್ಥಳೀಯ ಸಂಸ್ಥೆ ಮೊದಲಾದೆಡೆ ಜನರ ಪರಿಶೀಲನೆಗೆ ಇಡಬೇಕು. ಅಭಿಪ್ರಾಯ ಸಲ್ಲಿಸಲು ಜನರಿಗೆ ಕನಿಷ್ಠ 30 ದಿನಗಳ ಕಾಲಾವಕಾಶ ಕೊಡಬೇಕು. ಸಾರಾಂಶವನ್ನು ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಯಲ್ಲಿಯೂ ಒದಗಿಸಬೇಕು. ಆದರೆ ಮೂಲ ವರದಿ ನೂರಾರು ಪುಟಗಳ ಇಂಗ್ಲಿಷ್ ಗ್ರಂಥ. ಹಳ್ಳದ ನೀರಿನ ಲೆಕ್ಕ, ಧೂಳಿನ ಅಳತೆ, ಗಿಡಮರಗಳ ಪಟ್ಟಿ, ಲಾರಿಗಳ ಸಂಖ್ಯೆ, ಇವೆಲ್ಲ ಇರುವುದು ಅದರ ಕೋಷ್ಟಕಗಳಲ್ಲಿ, ಅನುಬಂಧಗಳಲ್ಲಿ. ಸಾರಾಂಶವನ್ನಷ್ಟೇ ಓದಿ ಸಭೆಗೆ ಹೋದವರು 'ನಮಗೆ ಇದು ಬೇಡ' ಎಂದಷ್ಟೇ ಹೇಳಿ ಬರುತ್ತಾರೆ. ಅನುಬಂಧವನ್ನು ಓದಿದವರು 'ನೀವು ಇಲ್ಲವೆಂದು ಬರೆದಿರುವ ಹಳ್ಳ ನಮ್ಮೂರಿನ ಪೂರ್ವಕ್ಕೆ ಹರಿಯುತ್ತಿದೆ' ಎಂದು ಪುಟಸಂಖ್ಯೆಯ ಸಮೇತ ಹೇಳುತ್ತಾರೆ. ಎರಡನೆಯ ಮಾತಿಗೆ ನಡವಳಿಯಲ್ಲಿ ಇರುವ ತೂಕ ಮೊದಲನೆಯದಕ್ಕೆ ಇರುವುದಿಲ್ಲ.

2018ರಿಂದ ಪರಿಸರ, ಅರಣ್ಯ ಅನುಮತಿಯ ಅರ್ಜಿಗಳು 'ಪರಿವೇಶ್' ಜಾಲತಾಣದ ಮೂಲಕ ಸಾಗುತ್ತಿವೆ. ಯೋಜನಾ ಪ್ರದೇಶದ ಗಡಿಯನ್ನು ಕೆಎಂಎಲ್ ಎಂಬ ನಕ್ಷೆಯ ಕಡತವಾಗಿ ಸಲ್ಲಿಸಲಾಗುತ್ತದೆ. ಜಾಲತಾಣದಿಂದಲೋ, 2005ರ ಮಾಹಿತಿ ಹಕ್ಕು ಕಾಯ್ದೆಯ ಮೂಲಕವೋ ಆ ಕಡತವನ್ನು ಪಡೆದು ಉಪಗ್ರಹ ಚಿತ್ರದ ಮೇಲೆ ಹಾಸಿ ನೋಡಿದರೆ ಗೋಮಾಳ ಎಲ್ಲಿ, ಕೆರೆಯ ಅಚ್ಚುಕಟ್ಟು ಎಲ್ಲಿ, ಕಾಡಿನ ಅಂಚು ಎಲ್ಲಿ ಎಂಬುದು ಕಣ್ಣಿಗೆ ಕಟ್ಟುತ್ತದೆ. ಅಂಗೈಯಗಲದ ಮೊಬೈಲಿನಲ್ಲಿ ಫೋಟೋ ತೆಗೆಯಬಹುದು, ಸ್ಥಳದ ಗುರುತು ಹಾಕಬಹುದು, 'ದಿಶಾಂಕ್' ತೆರೆದು ನಿಂತ ಜಾಗದ ಸರ್ವೆ ನಂಬರ್ ನೋಡಬಹುದು. ಆದರೆ ಮುನ್ನೂರು ಪುಟದ ವರದಿಯನ್ನು ತಾಳೆ ನೋಡಿ, ಕನ್ನಡದಲ್ಲಿ ಹತ್ತು ಪುಟದ ಆಕ್ಷೇಪಣೆಯನ್ನು ಬೆರಳಚ್ಚು ಮಾಡಲು ಮೊಬೈಲು ಸಾಲದು. ಅದಕ್ಕೆ ಪರದೆ ಬೇಕು, ಕೀಲಿಮಣೆ ಬೇಕು.

ಅಳತೆಯ ಮಹತ್ವ ನಮ್ಮ ಜಿಲ್ಲೆಗೆ ಹೊಸತಲ್ಲ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಬಳ್ಳಾರಿಯದನ್ನು ಅದಕ್ಕೂ ಒಂದು ತಿಂಗಳು ಮೊದಲೇ ನಿಲ್ಲಿಸಿತ್ತು. ಆ ನಂತರ ನಡೆದದ್ದು ಗಡಿಗಳ ಜಂಟಿ ಸರ್ವೆ. ಗುತ್ತಿಗೆಯ ಗಡಿ ದಾಟಿ ಎಷ್ಟು ಅಗೆದಿದ್ದಾರೆ, ಎಷ್ಟು ಮಣ್ಣು ಸುರಿದಿದ್ದಾರೆ ಎಂಬ ಲೆಕ್ಕದ ಮೇಲೆ ಗಣಿಗಳನ್ನು 'ಎ', 'ಬಿ', 'ಸಿ' ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್ ತೀರ್ಪಿನಲ್ಲಿ 'ಸಿ' ವರ್ಗದ ಗುತ್ತಿಗೆಗಳು ರದ್ದಾದವು. ಯಾವ ಗಣಿ ಉಳಿಯಿತು, ಯಾವುದು ಮುಚ್ಚಿತು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಗಡಿಯ ಅಳತೆ. ಆ ಅಳತೆಯನ್ನು ಓದಬಲ್ಲ ಸಾಧನ ಕಂಪನಿಗಳ ಬಳಿ, ಇಲಾಖೆಗಳ ಬಳಿ ಮಾತ್ರ ಇದ್ದರೆ ಸಾಕೇ? ಹಳ್ಳಿಯ ಬಳಿಯೂ ಇರಬೇಡವೇ?

ಕಡಿಮೆ ಬೆಲೆಯ, ಕೈಯಲ್ಲಿ ಹಿಡಿದು ಓಡಾಡುವ ಗಣಕದ ಕನಸನ್ನು ಮೊದಲು ಕಂಡವರಲ್ಲಿ ಕರ್ನಾಟಕದವರೂ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೊಂದಿಗೆ ಸೇರಿ 1999ರಲ್ಲಿ ಆರಂಭಿಸಿದ 'ಸಿಂಪ್ಯೂಟರ್' ಯೋಜನೆ ಜಗತ್ತಿನ ಗಮನ ಸೆಳೆಯಿತು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು, ಮೂರು ಸಣ್ಣ ಬ್ಯಾಟರಿ ಸೆಲ್ಲುಗಳಿಂದ ನಡೆಯುವಂಥದು, ಮುಕ್ತ ತಂತ್ರಾಂಶವಾದ ಲಿನಕ್ಸ್ ಮೇಲೆ ಕೆಲಸ ಮಾಡುವಂಥದು, ಓದಲು ಬಾರದವರಿಗೆ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವಂಥದು. ಅದರಲ್ಲಿ ಅಡಗಿದ್ದ ಅತಿ ದೊಡ್ಡ ವಿಚಾರ ಹಂಚಿಕೆ. ಊರಿಗೆ ಒಂದು ಸಾಧನ ಸಾಕು, ಪ್ರತಿಯೊಬ್ಬರ ಮಾಹಿತಿಯೂ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ ಇರುತ್ತದೆ ಎಂಬುದು ಅದರ ತತ್ವವಾಗಿತ್ತು. ಸುಮಾರು 9,000 ರೂಪಾಯಿಗೆ ಸಿಗಬೇಕೆಂಬ ಗುರಿಯಿತ್ತು. 2004ರಲ್ಲಿ ಬಿಇಎಲ್ ತಯಾರಿಕೆಯಲ್ಲಿ 'ಅಮಿಡಾ' ಹೆಸರಿನಿಂದ ಮಾರುಕಟ್ಟೆಗೆ ಬಂದಾಗ ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಆರಂಭವಾಗುತ್ತಿತ್ತು. ಆದರೆ ಮಾರಾಟವಾದದ್ದು ಕೆಲವೇ ಸಾವಿರ. ಅಷ್ಟರಲ್ಲಿ ಮೊಬೈಲ್ ಫೋನು ಹಳ್ಳಿಗಳಿಗೆ ನುಗ್ಗಿತ್ತು.

2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ 'ಆಕಾಶ್' ಟ್ಯಾಬ್ಲೆಟ್ಟನ್ನು ಬಿಡುಗಡೆ ಮಾಡಿತು. ಸರ್ಕಾರಕ್ಕೆ ಬಿದ್ದ ಬೆಲೆ ಸುಮಾರು 2,200 ರೂಪಾಯಿ. ಬೆಲೆ ಕೇಳಿ ಜಗತ್ತು ಬೆರಗಾಯಿತು. ಆದರೆ ಮುಟ್ಟಿದರೆ ಬೇಗನೆ ಸ್ಪಂದಿಸದ ಪರದೆ, 256 ಎಂಬಿಯಷ್ಟು ಕಿರಿದಾದ ರ್‍ಯಾಮ್, ಬೇಗ ಬರಿದಾಗುವ ಬ್ಯಾಟರಿ, ಇವುಗಳಿಂದಾಗಿ ಮೊದಲ ಆವೃತ್ತಿ ನಿರಾಸೆ ಮೂಡಿಸಿತು. ಸಿಂಪ್ಯೂಟರಿನಲ್ಲಿ ವಿಚಾರ ದೊಡ್ಡದಿತ್ತು, ಅದನ್ನು ಹಳ್ಳಿಗೆ ತಲುಪಿಸುವ ದಾರಿ ಕಿರಿದಾಗಿತ್ತು. ಆಕಾಶ್‌ನಲ್ಲಿ ಬೆಲೆಯೇ ವಿಚಾರವಾಗಿ, ಕೆಲಸ ಹಿಂದೆ ಬಿತ್ತು. ಅಗ್ಗದ ವಸ್ತು ಎರಡು ವರ್ಷಕ್ಕೆ ಮೂಲೆ ಸೇರಿದರೆ ಅದು ಅಗ್ಗವಲ್ಲ. ತುಸು ಹೆಚ್ಚು ಕೊಟ್ಟು ತಂದದ್ದು ಎಂಟು ವರ್ಷ ಬಾಳಿದರೆ ಅದೇ ಮಿತವ್ಯಯ.

ಈಗ ಎರಡನೆಯ ಕಾರಣಕ್ಕೆ ಬರೋಣ. ಗಣಕದೊಳಗೆ ತಾಮ್ರವಿದೆ, ತವರವಿದೆ, ಚಿನ್ನದ ಲೇಪವಿದೆ, ಬ್ಯಾಟರಿಯಲ್ಲಿ ಲಿಥಿಯಂ ಇದೆ. ತಾಮ್ರವೆಂದರೇನು ಎಂಬುದನ್ನು ಚಿತ್ರದುರ್ಗದವರಿಗೆ ವಿವರಿಸಬೇಕಾಗಿಲ್ಲ. ಊರಿಗೆ ಅನತಿ ದೂರದ ಇಂಗಳದಾಳದಲ್ಲಿ ತಾಮ್ರದ ಗಣಿ ನಡೆದು, ಮುಚ್ಚಿ, ತನ್ನ ಗುರುತನ್ನು ನೆಲದ ಮೇಲೆ ಉಳಿಸಿಹೋಗಿದೆ. ಲ್ಯಾಪ್‌ಟಾಪೊಂದರ ಇಡೀ ಆಯುಷ್ಯದಲ್ಲಿ ಹೊರಬೀಳುವ ಇಂಗಾಲದ ಬಹುಪಾಲು ಅದು ನಮ್ಮ ಕೈ ಸೇರುವ ಮೊದಲೇ, ಗಣಿಯಲ್ಲಿ ಮತ್ತು ಕಾರ್ಖಾನೆಯಲ್ಲಿ, ಹೊರಬಿದ್ದಿರುತ್ತದೆ. ಹಾಗಾಗಿ ಅದನ್ನು ಹೆಚ್ಚು ವರ್ಷ ಬಳಸುವುದೇ ನಾವು ಮಾಡಬಹುದಾದ ದೊಡ್ಡ ಉಳಿತಾಯ. 2022ರಲ್ಲಿ ಜಗತ್ತು 6 ಕೋಟಿ 20 ಲಕ್ಷ ಟನ್ ವಿದ್ಯುನ್ಮಾನ ಕಸವನ್ನು ಸೃಷ್ಟಿಸಿತು, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22ರಷ್ಟು ಮಾತ್ರ ಎಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿ ಹೇಳುತ್ತದೆ. ಉಳಿದದ್ದರಲ್ಲಿ ಬಹಳಷ್ಟು ಬಯಲಿಗೆ, ಬೆಂಕಿಗೆ. ತಾಮ್ರಕ್ಕಾಗಿ ತಂತಿ ಸುಡುವ ಹೊಗೆಯಲ್ಲಿ ಡಯಾಕ್ಸಿನ್‌ನಂತಹ ಘೋರ ವಿಷಗಳಿರುತ್ತವೆ.

ಈ ಎರಡು ಕಾರಣಗಳನ್ನು ಕೂಡಿಸಿ ನೋಡಿದರೆ ಆಯ್ಕೆಯ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ಹೊಸ, ಅತಿ ಅಗ್ಗದ ಪುಟ್ಟ ಲ್ಯಾಪ್‌ಟಾಪುಗಳನ್ನು ಕೊಳ್ಳುವ ಮುನ್ನ ಎರಡು ಬಾರಿ ಯೋಚಿಸಬೇಕು. ಅನೇಕವುಗಳಲ್ಲಿ ರ್‍ಯಾಮ್ ಮತ್ತು ಸಂಗ್ರಹಣೆ ಎರಡನ್ನೂ ಮುಖ್ಯ ಹಲಗೆಗೇ ಬೆಸೆದಿರುತ್ತಾರೆ. 64 ಜಿಬಿ ಸಂಗ್ರಹಣೆ ತುಂಬಿತೆಂದರೆ ಹೆಚ್ಚಿಸುವಂತಿಲ್ಲ, ಕೆಟ್ಟರೆ ಬಿಡಿಭಾಗ ಬದಲಿಸುವಂತಿಲ್ಲ. ಅದೇ ಹಣಕ್ಕೆ, ಅಂದರೆ ಸುಮಾರು 15ರಿಂದ 25 ಸಾವಿರದೊಳಗೆ, ಕಂಪನಿಗಳು ಬಳಸಿ ಬಿಟ್ಟ ಗಟ್ಟಿಮುಟ್ಟಾದ ಲ್ಯಾಪ್‌ಟಾಪುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ರಿಪೇರಿಯಾಗಿ ಮಾರಾಟಕ್ಕೆ ಸಿಗುತ್ತವೆ. 12ರಿಂದ 14 ಅಂಗುಲದ ಪರದೆ, ಒಂದೂವರೆ ಕಿಲೋ ಮೀರದ ತೂಕ, 8 ಜಿಬಿ ರ್‍ಯಾಮ್, 256 ಜಿಬಿಯ ಎಸ್‌ಎಸ್‌ಡಿ ಇದ್ದರೆ ನಮ್ಮ ಕೆಲಸಕ್ಕೆ ಸಾಕು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲವಾದ್ದರಿಂದ ಹಳ್ಳಿ ರಸ್ತೆಯ ಕುಲುಕಾಟವನ್ನು ಅದು ತಡೆದುಕೊಳ್ಳುತ್ತದೆ.

ಕೊಳ್ಳುವಾಗ ಅವಸರ ಬೇಡ. ಹಿಂಬದಿಯ ಮುಚ್ಚಳವನ್ನು ಸಾಧಾರಣ ಸ್ಕ್ರೂಡ್ರೈವರಿನಿಂದ ತೆಗೆಯಬಹುದೇ, ಬ್ಯಾಟರಿ ಬದಲಿಸಬಹುದೇ ಎಂದು ಕೇಳಿ. ಕೀಲಿಮಣೆಯ ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಿ. ಪರದೆಯ ಕೀಲು ಸಡಿಲವಾಗಿದೆಯೇ ಗಮನಿಸಿ. ಚಾರ್ಜರ್ ತೆಗೆದು ಅರ್ಧ ಗಂಟೆ ನಡೆಸಿ ಬ್ಯಾಟರಿ ಎಷ್ಟು ಇಳಿಯಿತೆಂದು ಅಳೆಯಿರಿ. ಹಿಂದಿನ ಕಂಪನಿಯ ಪಾಸ್‌ವರ್ಡ್ ಬೀಗ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಬಿಲ್ ಇಲ್ಲದೆ, ಕ್ರಮಸಂಖ್ಯೆ ನಮೂದಿಸದೆ ಕೊಳ್ಳಬೇಡಿ. ಕದ್ದ ಮಾಲು ಚಳವಳಿಯ ಮನೆಗೆ ಬರಬಾರದು. ಟೈಪ್-ಸಿ ಮೂಲಕ ಚಾರ್ಜ್ ಆಗುವಂಥದಾದರೆ ಇನ್ನೂ ಒಳಿತು. ತೋಟದ ಮನೆಯ ಸೌರಫಲಕದ 12 ವೋಲ್ಟ್ ಬ್ಯಾಟರಿಯಿಂದಲೂ ತಕ್ಕ ಚಾರ್ಜರ್ ಇಟ್ಟು ಅದನ್ನು ನಡೆಸಬಹುದು. ಜೋಗಿಮಟ್ಟಿಯ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದರೂ ಕೆಳಗಿನ ಹಳ್ಳಿಗಳಲ್ಲಿ ಕರೆಂಟು ಹೋಗುವುದು ತಪ್ಪಿಲ್ಲ. ಮೇಜಿನ ಗಣಕಕ್ಕಿಂತ ಲ್ಯಾಪ್‌ಟಾಪು ಹಲವು ಪಟ್ಟು ಕಡಿಮೆ ವಿದ್ಯುತ್ತಿನಲ್ಲಿ ನಡೆಯುತ್ತದೆ ಎಂಬುದೂ ನೆನಪಿರಲಿ.

ಇಲ್ಲಿ ಇನ್ನೊಂದು ಸಂಗತಿ ಒದಗಿ ಬಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಸರಿಸುಮಾರು 2018ಕ್ಕಿಂತ ಹಿಂದಿನ ಬಹುತೇಕ ಗಣಕಗಳನ್ನು ವಿಂಡೋಸ್ 11 ತನ್ನ ನಿಯಮದಂತೆ ಒಪ್ಪುವುದಿಲ್ಲ. ಹೀಗೆ ಜಗತ್ತಿನಾದ್ಯಂತ ಕೋಟ್ಯಂತರ ಗಣಕಗಳು, ಯಾವ ಭಾಗವೂ ಕೆಡದೆ, 'ಹಳೆಯವು' ಎನಿಸಿಕೊಂಡಿವೆ. ಯಂತ್ರ ಸವೆಯುವ ಮೊದಲೇ ಅದನ್ನು ಸಾಯಿಸುವ ಈ ವ್ಯಾಪಾರಕ್ಕೆ ನಮ್ಮ ಉತ್ತರ ಮುಕ್ತ ತಂತ್ರಾಂಶ. ಲಿನಕ್ಸ್ ಮಿಂಟ್, ಉಬುಂಟು ಮೊದಲಾದವು ಇಂತಹ ಯಂತ್ರಗಳಲ್ಲಿ ಸುಲಲಿತವಾಗಿ ನಡೆಯುತ್ತವೆ. ಪತ್ರ, ಕೋಷ್ಟಕಗಳಿಗೆ ಲಿಬ್ರೆ ಆಫೀಸ್, ನಕ್ಷೆಗಳಿಗೆ ಕ್ಯೂಜಿಐಎಸ್ ಉಚಿತವಾಗಿ ದೊರೆಯುತ್ತವೆ. ಕೆ.ಪಿ. ರಾವ್ ಅವರ ಚಿಂತನೆಯಿಂದ ಮೂಡಿದ, ನಾಡಿಗೆ ಪರಿಚಿತವಾದ ಕನ್ನಡ ಕೀಲಿಮಣೆ ವಿನ್ಯಾಸವೂ 'ಕಗಪ' ಎಂಬ ಹೆಸರಿನಲ್ಲಿ ಲಿನಕ್ಸಿನೊಳಗೆ ಇದೆ. ಬರೆಯುವುದೆಲ್ಲ ಯೂನಿಕೋಡಿನಲ್ಲಿರಲಿ. ಹಳೆಯ ಅಕ್ಷರರೂಪಗಳಲ್ಲಿ ಬರೆದಿಟ್ಟ ಕಡತಗಳು ಬೇರೆ ಗಣಕದಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳ ಸಂತೆಯಾಗುತ್ತವೆ. ಹತ್ತು ವರ್ಷದ ಹೋರಾಟದ ಕಾಗದಗಳಿಗೆ ಅಂಥ ಗತಿ ಬರಬಾರದು.

ಕೊನೆಯದಾಗಿ, ಸಿಂಪ್ಯೂಟರ್ ಬಿಟ್ಟುಹೋದ ಹಂಚಿಕೆಯ ತತ್ವವನ್ನು ನಾವು ಕೈಗೆತ್ತಿಕೊಳ್ಳಬೇಕು. ಕಾಲೇಜಿಗೆ ಹೋಗುವ ಮಕ್ಕಳಿಗೆ ಸ್ವಂತದ್ದು ಬೇಕಾಗಬಹುದು, ಅದು ಬೇರೆ ಮಾತು. ಆದರೆ ಊರಿನ ಕೆಲಸಕ್ಕೆ ಮನೆಗೊಂದು ಗಣಕ ಬೇಕಾಗಿಲ್ಲ. ಐದಾರು ಹಳ್ಳಿಗಳು, ಒಂದು ಸ್ವಸಹಾಯ ಸಂಘ, ಒಂದು ಯುವಕ ಸಂಘ ಕೂಡಿ ಒಂದನ್ನು ಕೊಂಡು ಗ್ರಂಥಾಲಯದ ಪುಸ್ತಕದಂತೆ ವಹಿಯಲ್ಲಿ ಬರೆದು ಕೊಟ್ಟು ಪಡೆದರೆ ಸಾಕು. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಗೊಂದು ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಅದನ್ನು ತೆರೆದು ನಮ್ಮ ಗುಡ್ಡದ ಗಿಡಗಳ ಹೆಸರು ಅದರಲ್ಲಿ ಸರಿಯಾಗಿ ದಾಖಲಾಗಿದೆಯೇ ಎಂದು ಅಜ್ಜಿಯರನ್ನು ಕೂರಿಸಿಕೊಂಡು ವಿದ್ಯಾರ್ಥಿಗಳು ನೋಡಲಿ. ಮಳೆಯ ಲೆಕ್ಕ, ಕೊಳವೆಬಾವಿಗಳ ಆಳ, ಕೆರೆಯ ಮಟ್ಟ ಬರೆದಿಡಲಿ. 1933ರ ನಂತರ 2022ರಲ್ಲಿ ವಾಣಿ ವಿಲಾಸ ಸಾಗರ ಕೋಡಿ ಬಿದ್ದಾಗ ಎಂಬತ್ತೊಂಬತ್ತು ವರ್ಷಗಳ ಹಿಂದಿನ ಮಾತನ್ನು ನಾವು ಖಚಿತವಾಗಿ ಹೇಳಬಲ್ಲವರಾದದ್ದು ಯಾರೋ ಅಂದು ಬರೆದಿಟ್ಟಿದ್ದರಿಂದ. ಬರೆದದ್ದೆಲ್ಲದರ ಪ್ರತಿ ಎರಡು ಕಡೆ ಇರಲಿ. ದಾಖಲೆ ಒಬ್ಬರ ಚೀಲದಲ್ಲಿ ಮಾತ್ರ ಉಳಿಯಬಾರದು. ದೂರು ಕೊಟ್ಟವರ ಹೆಸರುಗಳಿರುವ ಕಡತಕ್ಕೆ ಪಾಸ್‌ವರ್ಡ್ ತಪ್ಪದೆ ಇರಲಿ.

ಗಣಕ ಕೆಟ್ಟಾಗ ಮೊದಲು ತಾಲ್ಲೂಕಿನ ರಿಪೇರಿ ಅಂಗಡಿಗೆ ಹೋಗೋಣ. ಪಟ್ಟಣದ ಆ ಪುಟ್ಟ ಅಂಗಡಿಯ ಕುಶಲಕರ್ಮಿ ಪರಿಸರದ ಕೆಲಸವನ್ನೇ ಮಾಡುತ್ತಿದ್ದಾನೆ. ಪೂರ್ತಿ ಸತ್ತದ್ದನ್ನು ಗುಜರಿಗೆ ಹಾಕದೆ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ಸೇರುವಂತೆ ಒಟ್ಟುಗೂಡಿಸಿ ಕಳುಹಿಸೋಣ. ಯಂತ್ರ ಯಾವುದಾದರೂ ಇರಲಿ, ಮುಂದಿನ ಅಹವಾಲು ಸಭೆಯ ಪ್ರಕಟಣೆ ಹೊರಬಿದ್ದ ದಿನ ನಮ್ಮ ಕೈಯಲ್ಲಿರುವುದು ಮೂವತ್ತೇ ದಿನ. ಅದಕ್ಕೆ ಮೊದಲೇ ನಮ್ಮ ಹಳ್ಳಿಗಳ ಯುವಕ ಯುವತಿಯರು ಓದಲು, ಅಳೆಯಲು, ಬರೆಯಲು ಸಿದ್ಧರಾಗಿರಬೇಕೆಂಬುದು ಈ ಬಳಗದ ಆಶಯ.