ಪಿತ್ರಾರ್ಜಿತ: ಹಕ್ಕು ಮತ್ತು ಋಣ

‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಅಜ್ಜ ಗಳಿಸಿದ, ತಂದೆ ಉಳಿಸಿದ, ಮೊಮ್ಮಗ ಕಳೆದ ಎಂಬ ಕಥೆಯನ್ನು ಯಾವ ಊರಿಗೆ ಹೋದರೂ ಕೇಳಬಹುದು. ಆದ್ದರಿಂದಲೇ ಪಿತ್ರಾರ್ಜಿತ ಸಂಪತ್ತು ಮುಂದಿನ ಪೀಳಿಗೆಯನ್ನು ಕೆಡಿಸುತ್ತದೆಂದು ಅನೇಕರು ನಂಬಿದ್ದಾರೆ. ಈ ನಂಬಿಕೆಯನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಹೊಣೆಯನ್ನು ಕಳಚಿಟ್ಟು, ಬರಿಯ ಹಕ್ಕೆಂದು ಕೊಟ್ಟ ಸಂಪತ್ತು ಮಾತ್ರ ಕೆಡಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೂವತ್ತಕ್ಕೂ ಹೆಚ್ಚು ವರ್ಷಗಳ ಅಧ್ಯಾಪನದಲ್ಲಿ ನಾನು ಕಂಡ ಅನುಕೂಲಸ್ಥರ ಮಕ್ಕಳಲ್ಲಿ ಎರಡು ಬಗೆಯವರಿದ್ದರು. ಮನೆಯ ತೋಟ ಎಷ್ಟು ಎಕರೆ ಎಂಬುದು ಇಬ್ಬರಿಗೂ ತಿಳಿದಿತ್ತು. ಆದರೆ ಕೊಯ್ಲಿಗೆ ಬರುವವರ ಹೆಸರೇನು, ಅವರ ಕೂಲಿ ಎಷ್ಟು, ಸೊಸೈಟಿಯಲ್ಲಿ ಅಪ್ಪ ಮಾಡಿದ ಸಾಲವೆಷ್ಟು ಎಂಬುದು ಒಬ್ಬನಿಗೆ ಮಾತ್ರ ತಿಳಿದಿತ್ತು. ಅವನೇ ಸದಾ ತರಗತಿಗೆ ಮೊದಲಿಗನಾಗಿದ್ದನೆಂದು ಹೇಳಲಾರೆ. ಆದರೆ ಅಂಕಗಳು ಕಡಿಮೆಯಾದಾಗ ಅವನು ತನ್ನ ಪುಸ್ತಕವನ್ನು ತೆರೆದು ನೋಡುತ್ತಿದ್ದ. ಇನ್ನೊಬ್ಬನು ಮೇಷ್ಟರ ತಪ್ಪನ್ನು ಹುಡುಕುತ್ತಿದ್ದ.

ಆಸ್ತಿಯ ವಿಷಯದಲ್ಲಿ ನಮ್ಮ ನೆಲದ ಚಿಂತನೆ ಹಳೆಯದು. ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನ ‘ಮಿತಾಕ್ಷರ’ವು ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದಿತು. ಜನ್ಮಸಿದ್ಧ ಹಕ್ಕೆಂಬ ಮಾತು ಎಲ್ಲರಿಗೂ ನೆನಪಿದೆ. ಅದರ ಜೊತೆಗಿದ್ದ ಇನ್ನೊಂದು ಮಾತು ಮರೆತುಹೋಗಿದೆ. ತಂದೆಯ ಸಾಲವನ್ನು ತೀರಿಸುವುದು ಮಕ್ಕಳ ಧರ್ಮವೆಂದೂ ಅದೇ ಪರಂಪರೆ ವಿಧಿಸಿತ್ತು. ಕುಡಿತ, ಜೂಜು ಮುಂತಾದವುಗಳಿಗಾಗಿ ಮಾಡಿದ ಸಾಲಕ್ಕಷ್ಟೇ ವಿನಾಯಿತಿ. 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಸಮಾನ ಹಕ್ಕನ್ನು ಕೊಟ್ಟಿತು. ಅದು ಆಗಲೇಬೇಕಿದ್ದ ನ್ಯಾಯ. ಅನಂತರ ಮಾಡಿದ ಸಾಲಗಳಿಗೆ ಈ ಧರ್ಮದ ಆಧಾರವೊಂದರಿಂದಲೇ ಮಕ್ಕಳನ್ನು ಹಿಡಿಯುವಂತಿಲ್ಲವೆಂದೂ ಅದೇ ಕಾಯಿದೆ ಹೇಳಿತು. ಕಾನೂನು ಬಿಟ್ಟದ್ದನ್ನು ಇನ್ನು ಮನೆಯೇ ಕಲಿಸಬೇಕಾಗಿದೆ.

ಹಾಗೆ ಕಲಿಸಿದ ಮನೆಗಳಿಲ್ಲವೆ? ಬೆಂಗಳೂರಿನವರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯನ್ನೇ ನೋಡಿ. 1898ರಲ್ಲಿ ಜಮ್‌ಶೆಟ್‌ಜಿ ಟಾಟಾ ಅದಕ್ಕಾಗಿ ಸುಮಾರು 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಕೊಡುವುದಾಗಿ ಮಾತುಕೊಟ್ಟರು. ಸರ್ಕಾರದ ಒಪ್ಪಿಗೆ ಸಿಗುವ ಮೊದಲೇ, 1904ರಲ್ಲಿ, ಅವರು ತೀರಿಕೊಂಡರು. ಮಕ್ಕಳಾದ ದೊರಾಬ್‌ಜಿ ಮತ್ತು ರತನ್ ತಂದೆಯ ಮಾತನ್ನು ಉಳಿಸಿದರು; ಮೈಸೂರು ಸಂಸ್ಥಾನ 371 ಎಕರೆ ಭೂಮಿ ನೀಡಿತು; 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ಆ ಸೋದರರೇನೂ ಸನ್ಯಾಸಿಗಳಾಗಿರಲಿಲ್ಲ, ಸಿರಿಯನ್ನು ಅನುಭವಿಸಿದವರೇ. ಆದರೆ 1924ರಲ್ಲಿ ಉಕ್ಕಿನ ಕಾರ್ಖಾನೆ ಸಂಬಳ ಕೊಡಲಾಗದ ಸ್ಥಿತಿಗೆ ಬಂದಾಗ ದೊರಾಬ್‌ಜಿ, ಪತ್ನಿಯ ಜ್ಯೂಬಿಲಿ ವಜ್ರವನ್ನೂ ಸೇರಿಸಿ, ಸ್ವಂತ ಸಂಪತ್ತನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟರು. ತಂದೆಯಿಂದ ಅವರಿಗೆ ಹಣದ ಜೊತೆಗೆ ಹಣದ ಉದ್ದೇಶವೂ ಬಂದಿತ್ತು.

ನಮ್ಮಂಥ ಪಿಂಚಣಿದಾರರಿಗೆ ಇದೆಲ್ಲ ಏಕೆ ಎನ್ನಬಹುದು. ಈ ಕಾಲದಲ್ಲಿ ಒಂದು ನಿವೇಶನವೂ ದೊಡ್ಡ ಆಸ್ತಿಯೇ. ‘ನಾವು ಪಟ್ಟ ಕಷ್ಟ ಮಕ್ಕಳಿಗೆ ಬೇಡ’ ಎಂದು ಗೆಳೆಯರು ಹೇಳುವಾಗ ಅವರ ವಾತ್ಸಲ್ಯ ನನಗೆ ಅರ್ಥವಾಗುತ್ತದೆ. ಕಷ್ಟ ಬೇಡ, ನಿಜ. ಆದರೆ ಕಷ್ಟದ ಲೆಕ್ಕವೂ ತಿಳಿಯಬಾರದೆ? ಯಾವ ಸಾಲದಿಂದ ಮನೆ ಎದ್ದಿತು, ಆಗ ಯಾರು ಕೈಹಿಡಿದರು, ಅವರಲ್ಲಿ ಯಾರ ಋಣ ಇನ್ನೂ ತೀರಿಲ್ಲ ಎಂಬುದನ್ನು ಹೇಳದೆ ಕೈಗಿಡುವ ಖಾತೆಪತ್ರ ಅರ್ಧ ದಾಖಲೆ ಮಾತ್ರ. ಅದನ್ನು ನಾವು ಇರುವಾಗಲೇ, ನಮ್ಮ ಬಾಯಿಂದಲೇ ಹೇಳಬೇಕು. ಉಯಿಲಿನಲ್ಲಿ ಬರೆದಿಟ್ಟರೆ ಮಕ್ಕಳು ಓದುವುದು ತಮ್ಮ ಪಾಲಿನ ಸಾಲನ್ನಷ್ಟೇ.