ಲೇಕಾಕ್ ಉಳಿದದ್ದು ಸಂಸ್ಕಾರದಿಂದಲ್ಲ

ಇಂಗ್ಲೆಂಡಿನ ಹಳ್ಳಿಯೊಂದನ್ನು ನೋಡಿ ಬಂದ ನಮ್ಮವರು ಆಡುವ ಮಾತು ಒಂದೇ: “ಅವರು ಉಳಿಸಿಕೊಂಡಿದ್ದಾರೆ, ನಮಗೆ ಆ ಸಂಸ್ಕಾರವಿಲ್ಲ.” ಇಂಗ್ಲಿಷ್ ಎಂ.ಎ. ಓದಿದ ನಮ್ಮಂಥವರು ಆಸ್ಟಿನ್, ಹಾರ್ಡಿಯರ ಪುಟಗಳಲ್ಲೇ ಆ ಹಳ್ಳಿಗೆ ಮನಸೋತವರು. ತಲೆದೂಗುವುದು ನಮಗೆ ಸುಲಭ. ಆದರೆ ಇದು ತಪ್ಪು ಮಾತು. ತಪ್ಪಿಗಿಂತ ಹೆಚ್ಚಾಗಿ, ಸೋಮಾರಿತನದ ಮಾತು.

ವಿಲ್ಟ್‌ಷೈರಿನ ಲೇಕಾಕ್ ಗ್ರಾಮವನ್ನೇ ನೋಡೋಣ. ಸಾಲ್ಸ್‌ಬರಿಯ ಕೌಂಟೆಸ್ ಈಲಾ 1232ರಲ್ಲಿ ಸ್ಥಾಪಿಸಿದ ಸನ್ಯಾಸಿನಿಯರ ಮಠ, ಹದಿನಾಲ್ಕನೆಯ ಶತಮಾನದ ಕಣಜ, ಸಂತ ಸಿರಿಯಾಕನ ಚರ್ಚು, ಗುಮ್ಮಟದ ಪುಟ್ಟ ಬಂದೀಖಾನೆ, ಮರದ ಚೌಕಟ್ಟಿನ ಮನೆಗಳು ಇಂದಿಗೂ ಅಲ್ಲಿವೆ. ಹೆನ್ರಿ ಫಾಕ್ಸ್ ಟಾಲ್ಬಟ್ 1835ರಲ್ಲಿ ತೆಗೆದ, ಇಂದಿಗೂ ಉಳಿದಿರುವ ನೆಗೆಟಿವ್‌ನಲ್ಲಿ ಮೂಡಿರುವುದು ಆ ಮಠದ ಕಿಟಕಿಯೇ.

ಸಂಸ್ಕಾರವೇ ಕಾರಣವೆನ್ನುವವರು ಒಂದು ಪ್ರಶ್ನೆಗೆ ಉತ್ತರಿಸಲಿ. ಎಂಟನೆಯ ಹೆನ್ರಿಯ ಕಾಲದಲ್ಲಿ, 1539ರಲ್ಲಿ, ಈ ಮಠವನ್ನು ಮುಚ್ಚಲಾಯಿತು. ಅದನ್ನು ಕೊಂಡ ವಿಲಿಯಂ ಶಾರಿಂಗ್ಟನ್ ಮಠದ ಚರ್ಚನ್ನು ಕೆಡವಿ, ಉಳಿದದ್ದನ್ನು ತನ್ನ ವಾಸದ ಮನೆಯಾಗಿ ಮಾಡಿಕೊಂಡ. ಆ ಹಾರೆ ಹಿಡಿದ ಕೈಗಳೂ ಇಂಗ್ಲಿಷರವೇ ಅಲ್ಲವೇ?

ಹಳ್ಳಿ ಉಳಿದದ್ದಕ್ಕೆ ಕಾರಣ ಬೇರೆ. ಮಠವೂ ಊರಿನ ಬಹುಪಾಲು ಮನೆಗಳೂ ಒಂದೇ ಮನೆತನದ ಆಸ್ತಿಯಾಗಿದ್ದವು. ಒಕ್ಕಲಿನವನು ತನ್ನ ಮನೆಯನ್ನು ತನ್ನಿಷ್ಟದಂತೆ ಕೆಡವಿ ಕಟ್ಟುವಂತಿರಲಿಲ್ಲ. 1944ರಲ್ಲಿ ಮಟಿಲ್ಡಾ ಟಾಲ್ಬಟ್ ಮಠವನ್ನೂ ಹಳ್ಳಿಯನ್ನೂ ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದರು. 1947ರ ಯೋಜನಾ ಕಾಯಿದೆ ಹಳೆಯ ಕಟ್ಟಡಗಳ ಪಟ್ಟಿಗೆ ಬಲ ಕೊಟ್ಟಿತು. ಒಡೆತನ, ಕಾಯಿದೆ, ದುರಸ್ತಿಯ ಹಣ: ಲೇಕಾಕನ್ನು ಕಾಯ್ದವು ಈ ಮೂರು. ಜಮೀನ್ದಾರಿಯ ಬಿಗಿಹಿಡಿತವನ್ನು ಜನಾಂಗದ ಗುಣವೆಂದು ಕೊಂಡಾಡುವುದು ಇತಿಹಾಸವಲ್ಲ. ಕಣಜದ ತೊಲೆಗಳನ್ನು ಮೆಚ್ಚುವವರು, ಅದು ತುಂಬಿದ್ದು ರೈತರು ಸಲ್ಲಿಸಿದ ಧಾನ್ಯದಿಂದ ಎಂಬುದನ್ನೂ ನೆನೆಯಬೇಕು.

ಆದರೂ ಲೇಕಾಕ್‌ನಿಂದ ಕಲಿಯಬೇಕಾದದ್ದು ಒಂದಿದೆ. ಅಲ್ಲಿ ಜನ ಇನ್ನೂ ವಾಸವಾಗಿದ್ದಾರೆ. ಬಾಡಿಗೆದಾರರಾದರೂ ಒಲೆ ಉರಿಯುತ್ತಿದೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಒಳಗೆ ಜನರಿರುವ ಮನೆಯ ಸೋರಿಕೆ ಮೊದಲ ಮಳೆಗೇ ತಿಳಿಯುತ್ತದೆ. ನಾವಾದರೋ ಸಂರಕ್ಷಣೆ ಎಂದರೆ ತೆರವು ಎಂದೇ ತಿಳಿದಿದ್ದೇವೆ. 2011ರಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನು ಎಬ್ಬಿಸಲಾಯಿತು. ಆ ಸಾಲುಮಂಟಪಗಳಿಗೆ ಮಾಡಿಕೊಂಡ ಗೋಡೆಗಳು ಹಾನಿ ತಂದಿದ್ದವು, ನಿಜ. ಆದರೆ ನಿಯಮ ವಿಧಿಸಿ ಜನರನ್ನು ಅಲ್ಲೇ ಉಳಿಸಿಕೊಳ್ಳುವ ದಾರಿಯನ್ನು ನಾವು ಎಷ್ಟು ಗಂಭೀರವಾಗಿ ಹುಡುಕಿದೆವು?

ಸರ್ಕಾರಿ ಕಡತಗಳ ನಡುವೆ ಬದುಕುವ ನಮಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಸಂಸ್ಕಾರಕ್ಕೆ ಅನುದಾನ ಮಂಜೂರಾಗುವುದಿಲ್ಲ, ಹೆಂಚು ಬದಲಿಸುವುದಕ್ಕೆ ಆಗುತ್ತದೆ. “ನಮ್ಮವರೇ ಹೀಗೆ” ಎಂದು ನಿಟ್ಟುಸಿರಿಟ್ಟರೆ ಯಾರೂ ಉತ್ತರ ಹೇಳಬೇಕಾಗಿಲ್ಲ. ದೂರದ ಊರುಗಳಲ್ಲಿ ನೆಲೆಸಿರುವ ನಾವು ರಜೆಗೆ ಊರಿಗೆ ಹೋದಾಗ, ಪಾಳುಬಿದ್ದ ಗುಡಿಯ ಮುಂದೆ ನಿಂತು ಇಂಗ್ಲೆಂಡನ್ನು ನೆನೆಯುವ ಬದಲು ಮೂರು ಪ್ರಶ್ನೆ ಕೇಳೋಣ: ಇದು ಯಾರ ಸುಪರ್ದಿನಲ್ಲಿದೆ? ಈ ವರ್ಷ ದುರಸ್ತಿಗೆ ಎಷ್ಟು ಹಣ ಬಂದಿದೆ? ಇದರ ನೆರಳಿನಲ್ಲಿ ಬದುಕುವವರನ್ನು ಯಾರಾದರೂ ಒಂದು ಮಾತು ಕೇಳಿದ್ದಾರೆಯೇ?