ನಡಿಗೆ ಯಾರ ಮನೆಬಾಗಿಲಲ್ಲಿ ಮುಗಿಯಬೇಕು?

ಅಮೆರಿಕದ ಚಿಕಾಗೋ ನಗರದ ದಕ್ಷಿಣ ಭಾಗದಲ್ಲಿ ವುಡ್‌ಲಾನ್ ಎಂಬ ಬಡಾವಣೆಯಿದೆ. 2011ರ ನವೆಂಬರ್ ತಿಂಗಳಲ್ಲಿ ಅಲ್ಲಿನ ಕ್ರೈಸ್ತ ಧರ್ಮಗುರು ಕೋರಿ ಬ್ರೂಕ್ಸ್ ತಮ್ಮ ಚರ್ಚಿನ ಎದುರಿಗಿದ್ದ ಪಾಳುಬಿದ್ದ ಮೋಟೆಲೊಂದರ ಮಾಳಿಗೆಯೇರಿ ಗುಡಾರ ಹಾಕಿ ಕುಳಿತರು. ಮಾದಕ ವಸ್ತುಗಳ ಮಾರಾಟ ಮತ್ತು ವೇಶ್ಯಾವಾಟಿಕೆಯ ತಾಣವಾಗಿದ್ದ ಆ ಕಟ್ಟಡವನ್ನು ಕೊಂಡು ಕೆಡವಲು ಬೇಕಾಗಿದ್ದ 4.5 ಲಕ್ಷ ಡಾಲರ್ ಕೂಡುವ ತನಕ ಕೆಳಗಿಳಿಯಲಾರೆ ಎಂಬುದು ಅವರ ಪಣವಾಗಿತ್ತು. ಗುಂಡೇಟಿಗೆ ಬಲಿಯಾದ ಎಳೆಯರ ಅಂತ್ಯಸಂಸ್ಕಾರ ನಡೆಸಿ ನಡೆಸಿ ಬಳಲಿದ್ದ ಅವರು ಚಿಕಾಗೋದ ಹಿಮಚಳಿಯಲ್ಲಿ 94 ದಿನ ಅಲ್ಲೇ ಉಳಿದರು. ಕೊನೆಗೆ ಚಲನಚಿತ್ರ ನಿರ್ಮಾಪಕ ಟೈಲರ್ ಪೆರ್ರಿ ಉಳಿದ 98 ಸಾವಿರ ಡಾಲರ್ ನೀಡಿದಾಗ ಗುರಿ ಮುಟ್ಟಿತು. ಮೋಟೆಲ್ ನೆಲಸಮವಾಯಿತು.

ತೆರವಾದ ಜಾಗದಲ್ಲಿ ಬಡಾವಣೆಯ ಯುವಕರಿಗಾಗಿ ಒಂದು ಸಮುದಾಯ ಕೇಂದ್ರ ಕಟ್ಟಬೇಕೆಂಬುದು ಅವರ ಮುಂದಿನ ಕನಸಾಗಿತ್ತು. 2012ರ ಜೂನ್‌ನಲ್ಲಿ ಅವರು ನ್ಯೂಯಾರ್ಕಿನಿಂದ ಕಾಲ್ನಡಿಗೆಯಲ್ಲಿ ಹೊರಟು, ಸುಮಾರು 3,000 ಮೈಲಿಗಳ ಹಾದಿಯಲ್ಲಿ ಲಾಸ್ ಏಂಜಲೀಸ್ ತಲುಪಿದರು. ಒಂದೂವರೆ ಕೋಟಿ ಡಾಲರ್ ಸಂಗ್ರಹಿಸುವುದು ಆ ನಡಿಗೆಯ ಉದ್ದೇಶವಾಗಿತ್ತು. ಒಂದು ಖಂಡವನ್ನೇ ದಾಟಿದರೂ ಆ ಮೊತ್ತ ಕೂಡಲಿಲ್ಲ. 2021ರ ನವೆಂಬರ್‌ನಲ್ಲಿ ಅವರು ಅದೇ ಕೇಂದ್ರಕ್ಕಾಗಿ ಮತ್ತೊಮ್ಮೆ ಮಾಳಿಗೆಯೇರಿದರು. ಈ ಬಾರಿ ನೂರು ದಿನಗಳೆಂದು ಆರಂಭಿಸಿದ್ದು ಹೆಚ್ಚು ಕಡಿಮೆ ಒಂದು ವರ್ಷದ ತನಕ ಬೆಳೆಯಿತು.

ಅನ್ಯಧರ್ಮೀಯ ಗುರುವೊಬ್ಬರ ಈ ಕಥೆ ನಮಗೇಕೆ ಎಂದು ಯಾರಾದರೂ ಕೇಳಬಹುದು. ಒಳಿತು ಎಲ್ಲಿ ಕಂಡರೂ ಅದನ್ನು ಒಳಿತೆಂದು ಒಪ್ಪಿಕೊಳ್ಳುವುದು ನ್ಯಾಯ. ಅಲ್ಲದೆ, ಇಂದು ನಮ್ಮ ಸಂಘ ಸಂಸ್ಥೆಗಳೂ ಸಹಾಯಾರ್ಥ ನಡಿಗೆ, ವಾಕಥಾನ್, ಜಾಥಾಗಳನ್ನು ಏರ್ಪಡಿಸುತ್ತಿವೆ. ಇಂತಹ ನಡಿಗೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದು ನಮ್ಮದೇ ಪ್ರಶ್ನೆಯೂ ಹೌದು.

ಮೊದಲ ಆಕ್ಷೇಪ ಎಲ್ಲರಿಗೂ ಪರಿಚಿತ. ದಾನವೆಂದರೆ ಗುಟ್ಟಾಗಿರಬೇಕು, ಬೀದಿಯಲ್ಲಿ ಸಾರಿಕೊಂಡು ಹೋಗುವುದು ತೋರಿಕೆಯಲ್ಲವೇ? ಪವಿತ್ರ ಕುರ್‌ಆನ್ ಈ ವಿಷಯದಲ್ಲಿ ಬಹಳ ಸಮತೋಲನದಿಂದ ಮಾತನಾಡುತ್ತದೆ. ಬಹಿರಂಗವಾಗಿ ನೀಡುವ ದಾನವೂ ಒಳ್ಳೆಯದೇ, ಗುಟ್ಟಾಗಿ ಬಡವರಿಗೆ ತಲುಪಿಸುವುದು ಇನ್ನಷ್ಟು ಉತ್ತಮ ಎಂಬುದು ಅಲ್‌ಬಕರ ಅಧ್ಯಾಯದ 271ನೇ ವಚನದ ಆಶಯ. ಮುದರ್ ಗೋತ್ರದ ಜನರು ಹರಕು ಬಟ್ಟೆಯಲ್ಲಿ ಮದೀನಕ್ಕೆ ಬಂದಾಗ ಪ್ರವಾದಿ ಮುಹಮ್ಮದ್(ಸ)ರ ಮುಖದ ಬಣ್ಣವೇ ಬದಲಾಯಿತು. ಅವರು ಜನರನ್ನು ಸೇರಿಸಿ ಬಹಿರಂಗವಾಗಿಯೇ ದಾನಕ್ಕೆ ಕರೆ ನೀಡಿದರು. ಅನ್ಸಾರಿಯೊಬ್ಬರು ಕೈಯಲ್ಲಿ ಹಿಡಿಯಲಾಗದಷ್ಟು ಭಾರದ ಥೈಲಿಯನ್ನು ತಂದಿಟ್ಟರು. ಅವರನ್ನು ಕಂಡು ಇತರರೂ ತಂದರು. ಆಹಾರದ ಮತ್ತು ಬಟ್ಟೆಯ ಎರಡು ರಾಶಿಗಳೇ ಬಿದ್ದವು. ಆಗ ಪ್ರವಾದಿ(ಸ)ರ ಮುಖ ಬೆಳಗಿತು. ಒಳ್ಳೆಯ ಮಾದರಿಗೆ ನಾಂದಿ ಹಾಡಿದವನಿಗೆ ಅದನ್ನು ಅನುಸರಿಸಿದವರ ಪುಣ್ಯದಷ್ಟೇ ಪುಣ್ಯ ಉಂಟೆಂದು ಅವರು ಸಾರಿದ್ದು ಅದೇ ಸಂದರ್ಭದಲ್ಲಿ. ಮುಸ್ಲಿಮ್ ಹದೀಸ್ ಗ್ರಂಥ ಈ ಘಟನೆಯನ್ನು ದಾಖಲಿಸಿದೆ. ಒಬ್ಬ ವ್ಯಕ್ತಿಯ ಹಸಿವನ್ನು ಗುಟ್ಟಾಗಿ ನೀಗಿಸಬಹುದು. ಇಡೀ ಬಡಾವಣೆಯ ಕೊರತೆಯನ್ನು ನೀಗಿಸಲು ಹಲವು ಕೈಗಳು ಬೇಕು, ಹಲವು ಕೈಗಳನ್ನು ಕೂಡಿಸಲು ಕರೆ ಬೇಕು.

ಆದರೆ ಕರೆಗೆ ಬೆಲೆಯಿದೆಯೆಂದ ಮಾತ್ರಕ್ಕೆ ಕಾಲಿನ ದಣಿವಿಗೇ ಬೆಲೆ ಕಟ್ಟಬಾರದು. ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿರುವ ಇನ್ನೊಂದು ಪ್ರಸಂಗ ಇಲ್ಲಿ ಸ್ಮರಣೀಯ. ವೃದ್ಧರೊಬ್ಬರು ತಮ್ಮ ಇಬ್ಬರು ಪುತ್ರರ ಹೆಗಲ ಆಸರೆಯಲ್ಲಿ ಕಾಲೆಳೆದುಕೊಂಡು ಹೋಗುತ್ತಿದ್ದುದನ್ನು ಪ್ರವಾದಿ(ಸ) ಕಂಡರು. ನಡೆದೇ ಹೋಗುವೆನೆಂದು ಅವರು ಹರಕೆ ಹೊತ್ತಿದ್ದರು. ಆ ಮನುಷ್ಯ ತನ್ನನ್ನು ತಾನೇ ಹಿಂಸಿಸಿಕೊಳ್ಳುವುದರ ಅಗತ್ಯ ಅಲ್ಲಾಹನಿಗಿಲ್ಲವೆಂದು ಹೇಳಿ, ವಾಹನವೇರುವಂತೆ ಪ್ರವಾದಿ(ಸ) ಆಜ್ಞಾಪಿಸಿದರು. ನೂರು ಮೈಲಿಯಿರಲಿ, ಮೂರು ಸಾವಿರ ಮೈಲಿಯಿರಲಿ, ದೂರವೇ ಆರಾಧನೆಯಾಗಲಾರದು.

ಹಾಗಾದರೆ ವುಡ್‌ಲಾನ್‌ಗಾಗಿ ನಡೆದ ನಡಿಗೆಯಲ್ಲಿ ಮೆಚ್ಚತಕ್ಕದ್ದು ಯಾವುದು? ನನ್ನ ದೃಷ್ಟಿಯಲ್ಲಿ, ನಡೆದವರು ನಡಿಗೆ ಮುಗಿದ ಬಳಿಕ ಹಿಂದಿರುಗಿದ್ದು ಆ ಬೀದಿಗೇ ಎಂಬುದು. ಹಣ ಸಾಲದಾದಾಗಲೂ ಅವರು ಬೇರೊಂದು ಊರು ಹುಡುಕಲಿಲ್ಲ, ಬೇರೊಂದು ಉದ್ದೇಶ ಹಿಡಿಯಲಿಲ್ಲ. ಹತ್ತು ವರ್ಷಗಳ ಬಳಿಕವೂ ಅದೇ ಜಾಗದಲ್ಲಿ ಅದೇ ಬೇಡಿಕೆಯೊಂದಿಗೆ ನಿಂತಿದ್ದರು.

ಈ ಪಟ್ಟು ಏಕೆ ಬೇಕು ಎಂಬುದು ಆ ಬಡಾವಣೆಯ ಇತಿಹಾಸ ಬಲ್ಲವರಿಗೆ ಅರ್ಥವಾಗುತ್ತದೆ. ಚಿಕಾಗೋದ ಅನೇಕ ಬೀದಿಗಳಲ್ಲಿ ಕರಿಯರಿಗೆ ಮನೆ ಮಾರಬಾರದೆಂಬ ಕರಾರುಪತ್ರಗಳಿದ್ದವು. ಅದೇ ವುಡ್‌ಲಾನ್ ಸುತ್ತಲಿನ ಇಂತಹ ಒಂದು ಕರಾರಿನ ವಿರುದ್ಧ ಹ್ಯಾನ್ಸ್‌ಬೆರಿ ಕುಟುಂಬ ಹೂಡಿದ ಹೋರಾಟ 1940ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟನ್ನು ತಲುಪಿತ್ತು. 1930ರ ದಶಕದಲ್ಲಿ ಸರಕಾರಿ ಸಂಸ್ಥೆಯೇ ನಗರಗಳ ನಕ್ಷೆ ತಯಾರಿಸಿ, ಕರಿಯರು ವಾಸಿಸುವ ಪ್ರದೇಶಗಳಿಗೆ ಕೆಂಪು ಬಣ್ಣ ಬಳಿದು, ಅಲ್ಲಿ ಸಾಲ ನೀಡುವುದು ಅಪಾಯಕಾರಿ ಎಂದು ಗುರುತಿಸಿತು. ಸಾಲವಿಲ್ಲದ ಕಡೆ ಮನೆ ದುರಸ್ತಿಯಾಗುವುದಿಲ್ಲ, ಅಂಗಡಿ ಏಳುವುದಿಲ್ಲ, ಇದ್ದವರೂ ಊರು ಬಿಡುತ್ತಾರೆ. 1960ರಲ್ಲಿ 80 ಸಾವಿರ ದಾಟಿದ್ದ ವುಡ್‌ಲಾನ್‌ನ ಜನಸಂಖ್ಯೆ 2010ರ ಹೊತ್ತಿಗೆ ಅದರ ಮೂರನೇ ಒಂದು ಭಾಗದಷ್ಟಕ್ಕೆ ಇಳಿದಿತ್ತು. ದಶಕಗಳ ಕಾಲ ಕಾನೂನು ಮತ್ತು ಬಂಡವಾಳ ಕೂಡಿ ಬರಡಾಗಿಸಿದ ನೆಲವನ್ನು ಒಂದು ಬೇಸಿಗೆಯ ನಡಿಗೆ ಹಸಿರಾಗಿಸಲಾರದು.

ಇದೇ ನಗರದಲ್ಲಿ ನಮ್ಮ ಸಮುದಾಯಕ್ಕೂ ಒಂದು ಪಾಠವಿದೆ. ಚಿಕಾಗೋದ ಬಡ ಕರಿಯರ ಬಡಾವಣೆಗಳಲ್ಲಿ ಮೂಲೆಯಂಗಡಿಗಳನ್ನು ನಡೆಸುವವರಲ್ಲಿ ಅರಬ್ ಮೂಲದ ಮುಸ್ಲಿಮರು ಅನೇಕರಿದ್ದಾರೆ. ಆ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತಿದ್ದುದು ಮದ್ಯ ಮತ್ತು ಸಿಗರೇಟು. ತಾಜಾ ತರಕಾರಿ, ಹಣ್ಣು ಸಿಗುವುದೇ ಕಷ್ಟವಾಗಿತ್ತು. ತಾನು ಕುಡಿಯದ ಮದ್ಯವನ್ನು ನೆರೆಯವನಿಗೆ ಮಾರಿ, ಅದರ ಲಾಭದಲ್ಲಿ ದೂರದ ಉಪನಗರದ ಮಸೀದಿಗೆ ದೇಣಿಗೆ ಕೊಡುವವನ ದಾನದ ಗತಿಯೇನು? 1997ರಲ್ಲಿ ಸ್ಥಾಪನೆಯಾದ ಇನ್ನರ್-ಸಿಟಿ ಮುಸ್ಲಿಮ್ ಆಕ್ಷನ್ ನೆಟ್‌ವರ್ಕ್ ಎಂಬ ಸಂಸ್ಥೆ ಈ ಪ್ರಶ್ನೆಯನ್ನು ಮುಚ್ಚಿಡಲಿಲ್ಲ. ಅಂಗಡಿ ಮಾಲೀಕರನ್ನೂ ಬಡಾವಣೆಯ ನಿವಾಸಿಗಳನ್ನೂ ಒಟ್ಟಿಗೆ ಕೂರಿಸಿ ಮಾತನಾಡಿಸಿತು. ಉಚಿತ ಚಿಕಿತ್ಸಾಲಯ ತೆರೆಯಿತು. 2022ರಲ್ಲಿ ಎಂಗಲ್‌ವುಡ್ ಬಡಾವಣೆಯಲ್ಲಿ ತಾಜಾ ಆಹಾರದ ಮಳಿಗೆಯೊಂದನ್ನು ಸ್ಥಾಪಿಸಿತು. 1966ರ ಆಗಸ್ಟ್ 5ರಂದು ವಸತಿ ಹಕ್ಕಿಗಾಗಿ ನಡೆದುಬಂದ ಮಾರ್ಟಿನ್ ಲೂಥರ್ ಕಿಂಗ್‌ರ ತಲೆಗೆ ಕಲ್ಲು ಬಿದ್ದ ಮಾರ್ಕ್ವೆಟ್ ಪಾರ್ಕಿನಲ್ಲಿ, 50 ವರ್ಷಗಳ ಬಳಿಕ ಸ್ಮಾರಕ ನಿಲ್ಲಿಸಲು ಮುಂದಾದವರಲ್ಲಿಯೂ ಇದೇ ಮುಸ್ಲಿಮ್ ಸಂಸ್ಥೆ ಇತ್ತು. ಜತೆಗೆ ಬದುಕಿದವರಿಗೆ ಮಾತ್ರ ಇಂತಹ ವಿಶ್ವಾಸ ದೊರೆಯುತ್ತದೆ.

ಇನ್ನು ನಮ್ಮ ನಾಡಿನತ್ತ ನೋಡೋಣ. ಚಿಕಾಗೋದ ಕೆಂಪು ನಕ್ಷೆಯ ಕಥೆ ಓದುವಾಗ ನಮಗೆ ಸಾಚಾರ್ ಸಮಿತಿಯ ವರದಿ ನೆನಪಾಗದೆ ಇರದು. ಮುಸ್ಲಿಮರು ದಟ್ಟವಾಗಿರುವ ಕೆಲವು ಪ್ರದೇಶಗಳನ್ನು ಬ್ಯಾಂಕುಗಳು ನಕಾರಾತ್ಮಕ ವಲಯಗಳೆಂದು ಗುರುತಿಸಿ ಸಾಲಕ್ಕೆ ಹಿಂಜರಿಯುತ್ತಿರುವುದನ್ನು 2006ರ ಆ ವರದಿ ಎತ್ತಿ ತೋರಿಸಿತ್ತು. ಶಾಲೆ, ಆಸ್ಪತ್ರೆ, ರಸ್ತೆಗಳ ಕೊರತೆಯನ್ನೂ ಅದು ದಾಖಲಿಸಿತ್ತು. ಇಂತಹ ಮೊಹಲ್ಲಾಗಳಿಗೆ ನಾವು ವರ್ಷಕ್ಕೊಮ್ಮೆ ರಂಝಾನ್ ಕಿಟ್ ಹೊತ್ತು ಹೋಗುತ್ತೇವೆ. ಅದು ಬೇಡವೆಂದು ಯಾರೂ ಹೇಳಲಾರರು, ಹಸಿವು ನಾಳೆಗೆ ಕಾಯುವುದಿಲ್ಲ. ಆದರೆ ಕಿಟ್ ಖಾಲಿಯಾದ ಮರುದಿನ ಅಲ್ಲಿ ಏನು ಉಳಿದಿರುತ್ತದೆ?

ಉಳಿಯುವ ದಾನಕ್ಕೆ ಇಸ್ಲಾಮ್ ಕಲಿಸಿದ ದಾರಿ ವಕ್ಫ್. ಖೈಬರ್‌ನಲ್ಲಿ ತಮಗೆ ದೊರೆತ ಅಮೂಲ್ಯ ಜಮೀನನ್ನು ಏನು ಮಾಡಲೆಂದು ಉಮರ್(ರ) ಕೇಳಿದಾಗ, ಮೂಲವನ್ನು ಕಾಯ್ದಿರಿಸಿ ಫಲವನ್ನು ದಾನ ಮಾಡುವಂತೆ ಪ್ರವಾದಿ(ಸ) ಸಲಹೆ ನೀಡಿದರು. ಆ ಜಮೀನು ಮಾರಾಟವಾಗಲಿಲ್ಲ, ವಾರೀಸುದಾರರಿಗೆ ಹಂಚಿಕೆಯಾಗಲಿಲ್ಲ. ಬಡವರು, ಬಂಧುಗಳು, ಪ್ರಯಾಣಿಕರು ಅದರ ಫಲವನ್ನು ಉಂಡರು. ಸಹಾಯಾರ್ಥ ನಡಿಗೆಯಿಂದ ಕೂಡಿದ ಹಣ ಒಂದು ವಾಚನಾಲಯವಾಗಿ, ಹೆರಿಗೆ ಆಸ್ಪತ್ರೆಯ ಒಂದು ಕೊಠಡಿಯಾಗಿ, ಸಂಜೆಯ ಟ್ಯೂಷನ್ ತರಗತಿಯಾಗಿ ಆ ಮೊಹಲ್ಲಾದಲ್ಲೇ ಬೇರು ಬಿಟ್ಟರೆ ನಡೆದವರು ತೀರಿಕೊಂಡ ಮೇಲೂ ಅದು ನಡೆಯುತ್ತಲೇ ಇರುತ್ತದೆ.

ಆದ್ದರಿಂದ ಇಂತಹ ನಡಿಗೆಗೆ ಹೊರಡುವ ಮುನ್ನ ನಮ್ಮ ಜಮಾಅತ್‌ಗಳು ಮತ್ತು ಯುವಕರು ಕೆಲವು ವಿಷಯಗಳನ್ನು ನಿಶ್ಚಯಿಸಿಕೊಳ್ಳಬೇಕು. ಬಡಾವಣೆಗೆ ಏನು ಬೇಕೆಂಬುದನ್ನು ಬಡಾವಣೆಯವರೇ ಹೇಳಲಿ. ಚರಂಡಿಗಾಗಿ ಮೊರೆಯಿಡುವವರಿಗೆ ಕಮಾನು ಕಟ್ಟಿಕೊಡುವುದು ಉಪಕಾರವಲ್ಲ. ನಡಿಗೆಯ ಹಾದಿ ಊರಿನ ಅಂದದ ರಸ್ತೆಯಲ್ಲೇ ಸುತ್ತಿ ಮುಗಿಯದೆ ಆ ಬೀದಿಯ ಮೂಲಕವೂ ಸಾಗಲಿ. ಗುಣಮಟ್ಟದ ಟೀ-ಶರ್ಟು, ವೇದಿಕೆ, ಸನ್ಮಾನಗಳಿಗೆ ವೆಚ್ಚವಾದುದೆಷ್ಟು, ಬಡವರಿಗೆ ತಲುಪಿದುದೆಷ್ಟು ಎಂಬ ಲೆಕ್ಕ ಜುಮಾ ನಮಾಝ್‌ನ ಬಳಿಕ ಎಲ್ಲರ ಮುಂದೆ ಓದಲ್ಪಡಲಿ. ಮೂರು ವರ್ಷಗಳ ಬಳಿಕವೂ ಅದೇ ಲೆಕ್ಕವನ್ನು ಓದುವವರಿರಲಿ. ಪಡೆಯುವವರ ಮುಖವನ್ನು ಛಾಯಾಚಿತ್ರದಲ್ಲಿ ಹರಾಜಿಗಿಡಬಾರದು. ಹಂಗಿಸುವುದರಿಂದಲೂ ನೋಯಿಸುವುದರಿಂದಲೂ ದಾನವೇ ವ್ಯರ್ಥವಾಗುವುದೆಂದು ಅಲ್‌ಬಕರ ಅಧ್ಯಾಯ ಎಚ್ಚರಿಸಿದೆ. ಸ್ವಾಭಿಮಾನದಿಂದ ಕೈಯೊಡ್ಡದೆ ಇರುವ, ಅರಿಯದವರ ಕಣ್ಣಿಗೆ ಉಳ್ಳವರಂತೆ ಕಾಣುವ ಬಡವರನ್ನೂ ಅದೇ ಅಧ್ಯಾಯ ನಮಗೆ ಪರಿಚಯಿಸಿದೆ. ಅಂತಹವರು ಯಾವ ಸಾಲಿನಲ್ಲೂ ನಿಲ್ಲುವುದಿಲ್ಲ. ಅವರನ್ನು ನಾವೇ ನಡೆದು ಹೋಗಿ ಕಾಣಬೇಕು.

ಖಲೀಫರಾಗಿದ್ದ ಉಮರ್(ರ) ರಾತ್ರಿ ಹೊತ್ತು ಮದೀನದ ಹೊರವಲಯದಲ್ಲಿ ನಡೆಯುತ್ತಿದ್ದಾಗ ಹಸಿದು ಅಳುತ್ತಿದ್ದ ಮಕ್ಕಳನ್ನು ಕಂಡ ಪ್ರಸಂಗ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಬೊಕ್ಕಸದಿಂದ ಹಿಟ್ಟಿನ ಮೂಟೆಯನ್ನು ತಂದಾಗ ಅದನ್ನು ಹೊರಲು ಸೇವಕನಿಗೆ ಕೊಡದೆ ತಮ್ಮ ಬೆನ್ನ ಮೇಲೆಯೇ ಹೊತ್ತರು. ಮಕ್ಕಳು ಉಂಡು ನಗುವ ತನಕ ಅಲ್ಲಿಂದ ಕದಲಲಿಲ್ಲ. ಅವರು ನಡೆದ ದೂರವೆಷ್ಟೆಂದು ಯಾರೂ ಕೇಳುವುದಿಲ್ಲ.

ಅಲ್‌ಬಲದ್ ಅಧ್ಯಾಯದಲ್ಲಿ ಅಲ್ಲಾಹನು ಒಂದು ಕಡಿದಾದ ಏರುದಾರಿಯ ಪ್ರಸ್ತಾಪ ಮಾಡುತ್ತಾನೆ. ಗುಲಾಮನ ಬಿಡುಗಡೆ, ಹಸಿವಿನ ದಿನದಲ್ಲಿ ಬಂಧುವಾದ ಅನಾಥನಿಗೂ ಮಣ್ಣುಪಾಲಾದ ಬಡವನಿಗೂ ಉಣಿಸುವುದು, ಇವೇ ಆ ಏರು. ಇದಕ್ಕಾಗಿ ಮಹಾಖಂಡ ದಾಟಬೇಕಾಗಿಲ್ಲ. ನಮ್ಮ ಮಸೀದಿಯಿಂದ ಹಿಂಬದಿಯ ಓಣಿಯ ಕೊನೆಯ ಮನೆಗೆ ಇರುವ ದೂರವನ್ನು ಈ ವಾರವೇ ನಡೆಯೋಣ. ಆ ಬಾಗಿಲು ತಟ್ಟಿ, ಕುಳಿತು, ಕೇಳಿಸಿಕೊಂಡ ಬಳಿಕ ದೊಡ್ಡ ನಡಿಗೆಯ ದಿನಾಂಕ ಗೊತ್ತುಪಡಿಸೋಣ. ಆ ಏರನ್ನು ಏರುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.